ಬಾಗಿಲಲ್ಲಿ ನಿಂತ ವೇಷ

"ಹೊನ್ನಾಡಿಯ ಅರಸರ ಅಪ್ಪಣೆ, ಕಿವಿಗೊಟ್ಟು ಕೇಳಿ. ಅರಸುಕುಮಾರಿ ಚೆಲುವಾಂಬೆಯವರಿಗೆ ಇಂಗ್ಲಿಷ್ ಮಾತನ್ನೂ ಹಿಂದಿನವರ ಚರಿತ್ರೆಯನ್ನೂ ಕಲಿಸುವ ಗುರು ಬೇಕಾಗಿದ್ದಾರೆ. ಬಂದವರು ಆಕೆ ಒಡ್ಡುವ ಮೂರು ಒಗಟು ಬಿಡಿಸಬೇಕು. ಬಿಡಿಸಿದವರು ಬೇಡಿದ್ದನ್ನು ಪಡೆಯುತ್ತಾರೆ. ತಪ್ಪಿದವರ ತಲೆ ಉಳಿಯುವುದಿಲ್ಲ. ಅಲ್ಲಿಯವರೆಗೆ ನಾಡಿನ ಸಾಲೆಗಳೆಲ್ಲ ಮುಚ್ಚಿರತಕ್ಕದ್ದು."

ಡಂಗುರದವನು ಮುಂದಿನ ಕೇರಿಗೆ ಹೋದ. ದುಗ್ಗಣ್ಣ ಬೀಗ ಬಿದ್ದ ತನ್ನ ಸಾಲೆಯ ಜಗಲಿಯಲ್ಲಿ ಕೂತೇ ಇದ್ದ. ಬಂದರಿನಲ್ಲಿ ಮೂಟೆ ಹೊರುತ್ತ ಇಂಗ್ಲಿಷ್ ಕಲಿತು, ಅದನ್ನು ಊರ ಮಕ್ಕಳಿಗೆ ಹೇಳಿಕೊಡುತ್ತಿದ್ದ ಬಡ ಮೇಷ್ಟ್ರು ಅವನು.

ಸಾಲೆಗಳು ಯಾಕೆ ಮುಚ್ಚಿದವು ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುವಂತಿರಲಿಲ್ಲ. ಯುವರಾಜ ಸೋಮರಸ ಗಡಿಯ ಯುದ್ಧಕ್ಕೆ ಹೋಗಿ ಮಡಿದಿದ್ದ. ತಂಗಿ ಚೆಲುವಾಂಬೆ ಕೇಳಿದರೆ ಬದುಕುವುದಿಲ್ಲವೆಂದು ಹೆದರಿದ ಅರಸ, ಆ ಸುದ್ದಿ ಆಡಿದವರಿಗೆ ಶೂಲ ಎಂದಿದ್ದ. ಚರಿತ್ರೆಯ ಪಾಠವೆಂದರೆ ಯಾರು ಕಾದಿದರು, ಯಾರು ಸತ್ತರು ಎಂಬುದೇ ಅಲ್ಲವೇ? ಮಕ್ಕಳ ಬಾಯಿ ಕಟ್ಟಲಾಗದೆ ಸಾಲೆಗೇ ಬೀಗ ಹಾಕಿಸಿದ. ಅರಮನೆಯಲ್ಲಿ ಚೆಲುವಾಂಬೆ ಅಳಲಿಲ್ಲ, ನಗಲಿಲ್ಲ. ಬಡಿಸಿದರೆ ಉಂಡಳು, ಬಿಟ್ಟರೆ ಬಿಟ್ಟಳು. ಈ ಯುದ್ಧದ ಮಾತಿಲ್ಲದ ಹೊಸ ಪಾಠವಾದರೂ ಅವಳಿಗೆ ಜೀವ ತಂದೀತೆಂದು ಅರಸ ಈ ಡಂಗುರ ಹೊಡೆಸಿದ್ದ.

ದುಗ್ಗಣ್ಣನ ಸಾಲೆಯ ಮಕ್ಕಳೆಲ್ಲ ಉಪ್ಪಿನ ಗದ್ದೆಯ ಕೂಲಿಗೆ ಹೊರಟುಹೋಗಿದ್ದರು. ಇನ್ನೊಂದು ವರ್ಷ ಹೀಗೇ ಕಳೆದರೆ ಅವರು ತಿರುಗಿ ಬರುವುದಿಲ್ಲವೆಂದು ಅವನು ಅರಿತಿದ್ದ.

"ಸಾಲೆ ಹೋದರೆ ಹೋಗಲಿ ಮಗಾ," ಅಂದಳು ತಾಯಿ. "ತಲೆ ಹೋದರೆ ಅಂಗಡೀಲಿ ಸಿಗ್ತದಾ?"

"ಕೊಟ್ಟವನಿದ್ದಾನಲ್ಲ ಅಮ್ಮಾ, ಅವನೇ ನೋಡ್ಕೊಳ್ತಾನೆ," ಎಂದು ದುಗ್ಗಣ್ಣ ಗಣಪತಿಗೆ ಕೈಮುಗಿದು ಹೊರಟ.

ಅರಮನೆಯ ಓಲಗದಲ್ಲಿ ಒಗಟು ಬಿಡಿಸಲು ಬಂದವರು ಅವನಲ್ಲದೆ ಇನ್ನಿಬ್ಬರಿದ್ದರು, ವ್ಯಾಕರಣದ ಅನಂತ ಭಟ್ಟರು ಮತ್ತು ಪರದೇಶದ ವರ್ತಕರಿಗೆ ಮಾತು ತಿಳಿಸಿಕೊಡುವ ದುಭಾಷಿ ರಂಗೋಜಿ.

"ತಮ್ಮಾ, ನೀನು ಯಾರ ಚೀಲ ಹೊತ್ತು ಬಂದವನು?" ಎಂದು ರಂಗೋಜಿ ಕೇಳಿದ.

"ನನ್ನ ತಲೇನ ನಾನೇ ಹೊತ್ತು ಬಂದಿದ್ದೇನೆ ಸ್ವಾಮೀ," ಅಂದ ದುಗ್ಗಣ್ಣ.

ಚೆಲುವಾಂಬೆ ಯಾರನ್ನೂ ನೋಡದೆ ಮೊದಲ ಒಗಟು ಹೇಳಿದಳು. "ಒಂದೇ ಮನೆಯ ಅಣ್ಣತಮ್ಮಂದಿರು ಹೊಸ ನಾಡಿಗೆ ಹೊರಟರು. ಮಾತೇ ಆಡದವರು ಮೊದಲು ತಲುಪಿದರು. ಮಾತಿನಮಲ್ಲ ಎಲ್ಲರಿಗಿಂತ ಹಿಂದೆ ಬಂದ. ಅವರು ಯಾರು?"

ಭಟ್ಟರು ಮುಂದೆ ಬಂದು, "ಹೊಸ ನಾಡೆಂದರೆ ಹೊಸ ಭಾಷೆ. ಮೊದಲು ತಲುಪುವುದು ವ್ಯಾಕರಣ," ಎಂದರು. ಆಕೆ ಅಲ್ಲವೆಂದು ತಲೆಯಾಡಿಸಿದಳು. ಕಾವಲಿನವರು ಭಟ್ಟರನ್ನು ಕಂಬದ ಬಳಿ ನಿಲ್ಲಿಸಿದರು.

ದುಗ್ಗಣ್ಣ ಹೇಳಿದ: "ಕಿವಿ, ಕೈ, ಕಾಲು ತಾಯೀ. ನಾನು ಇಂಗ್ಲಿಷಿನಲ್ಲಿ ಏಳು, ಕೂರು, ಕಲ್ಲು ತಾ ಅಂದರೆ ನಮ್ಮ ಮಕ್ಕಳು ಮಾಡಿ ತೋರಿಸುತ್ತಾರೆ. ಆಟ ಆಡ್ತಾ ಆಡ್ತಾ ಮೈಗೆ ಭಾಷೆ ಬರುತ್ತದೆ. ನಾಲಿಗೆ ಕೊನೆಗೆ ಬರುತ್ತದೆ."

"ಸರಿ," ಎಂದಳು. "ಒಬ್ಬ ರಾಜ ಯುದ್ಧದಲ್ಲಿ ಸಾಯುತ್ತಾನೆ. ಮಧ್ಯಾಹ್ನ ಮನೆಗೆ ಹೋಗಿ ಅಂಬಲಿ ಕುಡಿಯುತ್ತಾನೆ. ಮರುದಿನ ಮತ್ತೆ ಸಾಯುತ್ತಾನೆ. ಅವನು ಯಾರು?"

ರಂಗೋಜಿ ಮೀಸೆ ಸವರಿ, "ಸೂರ್ಯ. ದಿನಾ ಮುಳುಗಿ ದಿನಾ ಹುಟ್ಟುವವನು," ಎಂದ.

"ಸೂರ್ಯ ಅಂಬಲಿ ಕುಡಿಯುವುದಿಲ್ಲ," ಎಂದಳು ಅರಸುಕುಮಾರಿ. ಅವನೂ ಕಂಬದ ಬಳಿಗೆ ಹೋದ.

"ಚರಿತ್ರೆಯ ಪಾಠದಲ್ಲಿ ರಾಜನ ವೇಷ ಹಾಕಿದ ಹುಡುಗ," ಅಂದ ದುಗ್ಗಣ್ಣ. "ಹಳೆಯ ಯುದ್ಧಗಳನ್ನು ನಾವು ಅಂಗಳದಲ್ಲಿ ಆಡಿಯೇ ಕಲಿಯುವುದು."

"ಅಣ್ಣನೂ ನಾನೂ ಹಾಗೇ ಕಲಿತೆವು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಆ ಆಟದಲ್ಲಿ ಒಂದು ವೇಷವಿದೆ. ಅದಕ್ಕೆ ಕತ್ತಿಯಿಲ್ಲ, ಕುದುರೆಯಿಲ್ಲ, ಯಾರೂ ಅದನ್ನು ಬೇಡುವುದಿಲ್ಲ. ಎಲ್ಲರ ಆಟ ಮುಗಿದರೂ ಅದರ ಆಟ ಮುಗಿಯುವುದಿಲ್ಲ. ಅದು ಯಾವುದು? ಅದನ್ನು ಮುಗಿಸುವುದು ಹೇಗೆ?"

ದುಗ್ಗಣ್ಣನಿಗೆ ಉತ್ತರ ಹೊಳೆಯಿತು. ಹೇಳದಿದ್ದರೆ ಒಗಟಿಗಾಗಿ ತಲೆ ಹೋಗುತ್ತದೆ, ಹೇಳಿದರೆ ಅಪ್ಪಣೆ ಮೀರಿದ್ದಕ್ಕಾಗಿ ಹೋಗುತ್ತದೆ. ಅವನು ಮನಸ್ಸಿನಲ್ಲೇ ಗಣಪತಿಯನ್ನು ನೆನೆದ. ನೆನೆದವರ ಪಕ್ಕದಲ್ಲಿ ಬಂದು ನಿಲ್ಲುವ ಸ್ವಾಮಿ ಅವನು; ಭಯ ಹೋಗಲಿಲ್ಲ, ಆದರೆ ಬಾಯಿ ತೆರೆಯಿತು.

"ಯುದ್ಧಕ್ಕೆ ಹೋದವರಿಗಾಗಿ ಬಾಗಿಲಲ್ಲಿ ಕಾಯುವವಳ ವೇಷ ತಾಯೀ. ನಮ್ಮಲ್ಲಿ ಎಲ್ಲರಿಗೂ ರಾಜನ ವೇಷವೇ ಬೇಕು, ಇಲ್ಲದಿದ್ದರೆ ಕುದುರೆ. ಅದಕ್ಕೇ ಇದನ್ನು ಬೊಮ್ಮಿ ಎಂಬ ಚಿಕ್ಕವಳಿಗೆ ಕೊಟ್ಟಿದ್ದೆವು. ಆಟ ಮುಗಿದು ಎಲ್ಲರೂ ಹೋದಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ಯಾಕೆ ಮಗಳೇ ಅಂದೆ. 'ನನ್ನ ರಾಜ ಸತ್ತ ಅಂತ ನನಗೆ ಯಾರೂ ಬಂದು ಹೇಳಲಿಲ್ಲವಲ್ಲ, ಹೇಗೆ ಹೋಗಲಿ?' ಅಂದಳು. ಯಾರಾದರೂ ಬಂದು ಹೇಳಬೇಕು. ಆಗ ಮುಗಿಯುತ್ತದೆ."

"ಹಾಗಾದರೆ ಹೇಳಿ," ಎಂದಳು ಚೆಲುವಾಂಬೆ.

ಅರಸ ಸಿಂಹಾಸನದಿಂದ ಎದ್ದುನಿಂತ. ದುಗ್ಗಣ್ಣ ಅತ್ತ ನೋಡಲಿಲ್ಲ.

"ನಿಮ್ಮ ಅಣ್ಣ ತೀರಿಕೊಂಡಿದ್ದಾರೆ ತಾಯೀ. ಮಾಗಿಯಲ್ಲಿ, ಗಡಿಯ ಯುದ್ಧದಲ್ಲಿ."

ಅವಳು ಅಳಲಿಲ್ಲ. ಕೇಳಿದಳು: "ಮಾಗಿಯಲ್ಲೇ?"

"ಹೌದು ತಾಯೀ."

"ಅಣ್ಣ ಬೇಸಿಗೆಯಲ್ಲಿ ತೀರಿಕೊಂಡ ಅಂದುಕೊಂಡಿದ್ದೆ." ಆಮೇಲೆ ತಂದೆಯ ಕಡೆ ತಿರುಗಿದಳು. "ಉತ್ತರ ಸರಿಯಾಗಿದೆ ಅಪ್ಪಾಜೀ. ಇವರನ್ನು ಏನೂ ಮಾಡಬೇಡಿ."

ಅಪ್ಪಣೆ ಕೊಡಲು ಎತ್ತಿದ ಕೈಯನ್ನು ಅರಸ ಇಳಿಸಿದ. "ಸೋಮರಸ," ಎಂದ. ಅಷ್ಟು ತಿಂಗಳಲ್ಲಿ ಮಗನ ಹೆಸರು ಅವನ ಬಾಯಿಗೆ ಬಂದದ್ದು ಅದೇ ಮೊದಲು. ದುಗ್ಗಣ್ಣನತ್ತ ತಿರುಗಿ ಕೇಳಿದ: "ಏನು ಬೇಕಪ್ಪಾ ನಿನಗೆ?"

"ಸಾಲೆಗಳ ಬೀಗ ತೆಗೆಸಿ ಮಹಾಸ್ವಾಮೀ. ಇವರಿಬ್ಬರ ತಲೆ ಇವರಿಗೇ ಇರಲಿ."

ಎರಡೂ ನಡೆದವು. ದುಗ್ಗಣ್ಣನಿಗೆ ಅರಮನೆಯ ಗುರುವಿನ ಪೀಠವೂ ಸಿಕ್ಕಿತು. ಕಂಬದಿಂದ ಬಿಡುಗಡೆಯಾದ ಭಟ್ಟರು ಅವನ ಬಳಿ ಬಂದು, "ವ್ಯಾಕರಣವೂ ಸ್ವಲ್ಪ ಬೇಕಪ್ಪಾ," ಎಂದರು. "ಬೇಕು ಭಟ್ಟರೇ, ಸ್ವಲ್ಪ ತಡವಾಗಿ," ಎಂದ ದುಗ್ಗಣ್ಣ.

ಸಾವನ್ನು ಮುಚ್ಚಿಟ್ಟಿದ್ದರಿಂದ ಯುವರಾಜನಿಗೆ ಕ್ರಿಯೆಯೇ ಆಗಿರಲಿಲ್ಲ. ಮರುದಿನ ಬೆಳಗ್ಗೆ ಅರಸ ಬರಿಗಾಲಲ್ಲಿ ಕಡಲಿಗಿಳಿದು ಮಗನ ಹೆಸರು ಹೇಳಿ ಎಳ್ಳುನೀರು ಬಿಟ್ಟ. ಪಕ್ಕದಲ್ಲಿ ಚೆಲುವಾಂಬೆ ನಿಂತಿದ್ದಳು. ಅವಳ ಮುಖ ತೋಯ್ದಿತ್ತು. ತೆರೆಯ ನೀರೋ, ಅವಳದೇ ಕಣ್ಣೀರೋ, ಎರಡನ್ನೂ ಮಾಡಿದ ಭಗವಂತನಿಗೆ ಗೊತ್ತು.