ನಿಮ್ಮದೇ ಗುಡ್ಡದ ಕಾಸರಕ

ಮೂಡಲಹಟ್ಟಿಗೂ ಪಡುವಲಹಟ್ಟಿಗೂ ನಡುವೆ, ಮೆಲುಕು ಹಾಕುತ್ತ ಮಲಗಿದ ಎಮ್ಮೆಯ ಹಾಗೆ ಒಂದು ಗುಡ್ಡವಿದೆ. ಬೇಸಿಗೆಯಲ್ಲಿ ಸುತ್ತಲ ಕಾಡೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಾಗಲೂ ಇದರ ನೆತ್ತಿಯ ಮರಗಳು ಎಣ್ಣೆ ಹಚ್ಚಿಕೊಂಡಂತೆ ಮಿರುಗುತ್ತಿರುತ್ತವೆ. ಅವು ಕಾಸರಕನ ಮರಗಳು. ಕೊಂಬೆಕೊಂಬೆಗೂ ಹೊಂಬಣ್ಣದ ದುಂಡು ಹಣ್ಣು; ದೂರದಿಂದ ಕಂಡವರು ಕಿತ್ತಳೆಯ ತೋಪೆಂದೇ ಬಾಯಿ ಚಪ್ಪರಿಸುತ್ತಾರೆ. ಹತ್ತಿರ ಹೋದರೆ ಸಂಗತಿ ಬೇರೆ. ಎಲೆ ಕಹಿ, ತೊಗಟೆ ಕಹಿ, ಬೇರು ಕಹಿ. ಬಿದ್ದ ದಿಮ್ಮಿಗೆ ಗೆದ್ದಲು ಸಹ ಬಾಯಿ ಹಾಕದು. ಹಣ್ಣಿನ ಗಟ್ಟಿ ಸಿಪ್ಪೆಯೊಳಗೆ ಲೋಳೆಯಂಥ ತಿರುಳು, ತಿರುಳೊಳಗೆ ರೇಷ್ಮೆ ಹೊದ್ದ ಗುಂಡಿಯಂಥ ಚಪ್ಪಟೆ ಬೀಜ. ಆ ಬೀಜ ಅಗಿದವನ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಸೆಟೆದರೆ ಮತ್ತೆ ನೆಟ್ಟಗಾಗುವುದಿಲ್ಲ ಎನ್ನುತ್ತಾರೆ. ಇಂಥ ಗುಡ್ಡಕ್ಕೆ ಜನ ಇಟ್ಟ ಹೆಸರು ಮಾತ್ರ ಬಲು ಮರ್ಯಾದೆಯದು: ನಿಮ್ಮದೇ ಗುಡ್ಡ.

ಹಿಂದೆ ಒಮ್ಮೆ, ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಇಲ್ಲಿ ನಿಮ್ಮದೇ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎರಡು ಊರವರೂ ಎದೆ ತಟ್ಟಿಕೊಂಡು ನಮ್ಮದು ಅನ್ನುತ್ತಿದ್ದರು. ಬೇಸಿಗೆಯಲ್ಲಿ ಮೇಕೆಗೆ ಮೇವು ಸಿಗುತ್ತಿದ್ದುದು ಆ ಗುಡ್ಡದ ಮಗ್ಗುಲಲ್ಲಿ ಮಾತ್ರ. ಗುಡ್ಡ ಹೋದರೆ ಹಿಂಡು ಹೋಯಿತು, ಹಿಂಡು ಹೋದರೆ ಒಲೆ ಆರಿತು. ಎಲ್ಲರಿಗಿಂತ ದೊಡ್ಡ ಗಂಟಲು ಪಡುವಲಹಟ್ಟಿಯ ಯಜಮಾನ ಸಿರಿಯಣ್ಣನದು. ಮೂಡಲಹಟ್ಟಿಯ ಯಜಮಾನ ಕಾಟಪ್ಪ ಅವನಿಗೆ ಬೀಗ; ಸಿರಿಯಣ್ಣ ಮಗಳನ್ನು ಕೊಟ್ಟದ್ದು ಅವನ ಮಗನಿಗೇ. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತು ಒಬ್ಬರೆಲೆಗೊಬ್ಬರು ಹೋಳಿಗೆ ಬಡಿಸುವುದು, ಕೈ ತೊಳೆದ ಮೇಲೆ ಗುಡ್ಡದ ಮಾತು ತೆಗೆದು ಒಬ್ಬರ ವಂಶವನ್ನೊಬ್ಬರು ಜಾಲಾಡುವುದು, ಹೀಗೆ ನಡೆದಿತ್ತು ಸಂಬಂಧ. ಒಂದು ಬೇಸಿಗೆ ಕೋಲು ಕುಡುಗೋಲುಗಳೂ ಹೊರಬಿದ್ದು, ದೂರು ಪಾಳೆಯಗಾರನ ಕಿವಿಗೆ ಮುಟ್ಟಿತು. ಅವನು ತನ್ನ ಪಾರುಪತ್ತೆಗಾರನನ್ನು ನ್ಯಾಯ ತೀರಿಸಲು ಕಳಿಸಿದ.

ಪಾರುಪತ್ತೆಗಾರ ಜಾಣ. ಗುಡ್ಡ ಹತ್ತಿ ನೋಡಿದವನೇ, ಇದು ಅರಮನೆಯ ಕುದುರೆಗಳಿಗೆ ಹೇಳಿ ಮಾಡಿಸಿದ ಮೇವಿನ ಜಾಗ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಆಮೇಲೆ ಎರಡೂ ಊರವರನ್ನು ಕಾಸರಕನ ಮರದಡಿ ಕೂಡಿಸಿ ತೀರ್ಪು ಕೊಟ್ಟ: "ಗುಡ್ಡ ತನ್ನ ಒಡೆಯನನ್ನು ಕೊಲ್ಲುವುದಿಲ್ಲ. ಯಾರು ಇದು ನಮ್ಮದು ಅನ್ನುತ್ತಾರೋ ಅವರು ಇದರ ಹಣ್ಣನ್ನು ಬೀಜ ಸಮೇತ ಅಗಿದು ತಿನ್ನಲಿ. ನಾಳೆ ಬೆಳಿಗ್ಗೆ ಯಜಮಾನರಿಬ್ಬರೂ ಬನ್ನಿ. ಯಾರೂ ತಿನ್ನದಿದ್ದರೆ ಗುಡ್ಡ ಅರಮನೆಗೆ."

ಸಿರಿಯಣ್ಣ ಮನೆಗೆ ಬಂದವನು ಮುದ್ದೆ ಮುಟ್ಟಲಿಲ್ಲ. ಮುಸುವ ಕೋತಿಗಳು ಆ ಹಣ್ಣಿನ ತಿರುಳು ಚೀಪಿ ಬೀಜ ಉಗಿಯುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಹಾಗೇ ಮಾಡಿದರೆ ಹೇಗೆ ಎಂದು ಒಂದು ಗಳಿಗೆ ಲೆಕ್ಕ ಹಾಕಿದ. ಆದರೆ ತೀರ್ಪು ಬೀಜ ಸಮೇತ ಎಂದಿತ್ತು; ಬೀಜ ಅಗಿದ ಟಗರೊಂದು ನಾಲ್ಕು ಕಾಲು ಚಾಚಿ ಸೆಟೆದು ಬಿದ್ದದ್ದೂ ನೆನಪಾಯಿತು. ಹೆಂಡತಿ ಗಂಗಮಾಳವ್ವ ಸಮಾಧಾನವೇನೂ ಹೇಳಲಿಲ್ಲ. "ತಿನ್ನು, ತಿನ್ನು. ಗುಡ್ಡ ನಮ್ಮದಾಗ್ತೈತೆ. ನೀನು ಅದರ ಬುಡದಾಗೆ ಇರ್ತೀಯ, ನಾನು ಮೇಲೆ ಮೇಕೆ ಕಾಯ್ತೀನಿ" ಎಂದಳು.

ಬೆಳಿಗ್ಗೆ ಮುತ್ತುಗದ ಎಲೆಯ ಮೇಲೆ ಒಂದೊಂದು ಹಣ್ಣು ಒಡೆದಿಟ್ಟಿದ್ದರು. ಊರೆರಡೂ ಮರದ ಸುತ್ತ ನೆರೆದಿದ್ದವು. ಸಿರಿಯಣ್ಣ ಎಲೆ ಎತ್ತಿದ. ಅಷ್ಟರಲ್ಲಿ ಎದುರು ಕೂತ ಕಾಟಪ್ಪನ ಮುಖ ಕಂಡಿತು. ಹಬ್ಬದ ಪಂಕ್ತಿಯಲ್ಲಿ ಕಾಣುವ ಅದೇ ಮುಖ. ಬೀಗತನದ ರಿವಾಜು ಸಿರಿಯಣ್ಣನ ಬಾಯಿಗೆ ತಾನಾಗಿ ಬಂತು.

"ಬೀಗರನ್ನ ಬಿಟ್ಟು ನಾವು ಮೊದಲು ಬಾಯಿಗಿಡೋದುಂಟೆ? ತಗೊಳ್ಳಿ ಬೀಗರೇ," ಎಂದು ಎಲೆಯನ್ನು ಅತ್ತ ಸರಿಸಿದ.

"ಛೆ ಛೆ, ಹೆಣ್ಣು ಕೊಟ್ಟೋರು ನೀವು. ನಿಮಗೆ ಬಡಿಸದೆ ನಾವು ತಿಂದ್ರೆ ನಾಲ್ಕು ಜನ ಉಗೀತಾರೆ," ಎಂದು ಕಾಟಪ್ಪ ತನ್ನ ಎಲೆಯನ್ನೂ ಸೇರಿಸಿ ಇತ್ತ ನೂಕಿದ.

"ನಮಗ್ಯಾಕೆ? ಗುಡ್ಡ ನಿಮ್ಮದೇ ಅಲ್ಲವೇ ಬೀಗರೇ!"

"ಅಯ್ಯೋ, ಯಾರು ಹಂಗಂದೋರು? ನಿಮ್ಮದೇ! ನಮ್ಮ ತಾತನೂ ಹಂಗೇ ಹೇಳ್ತಿದ್ದ."

ನಿನ್ನೆಯವರೆಗೆ ನಮ್ಮದೆಂದು ಕೋಲೆತ್ತಿದ್ದ ಜನ ಈಗ ತಂತಮ್ಮ ಯಜಮಾನನ ಹಿಂದೆ ನಿಂತು ನಿಮ್ಮದೇ, ನಿಮ್ಮದೇ ಎಂದು ಕೂಗಿದರು. ಎಲೆಗಳು ಅತ್ತಿಂದಿತ್ತ ಓಡಾಡಿ ತಿರುಳೆಲ್ಲ ಮಣ್ಣಾಯಿತು. ಪಾರುಪತ್ತೆಗಾರ ಮೀಸೆಯಡಿ ನಕ್ಕು ಎದ್ದು ನಿಂತ. "ಸರಿ, ತಿನ್ನುವವರಿಲ್ಲ. ಇವತ್ತಿನಿಂದ ಗುಡ್ಡ ಅರಮನೆಯದು. ನಿಮ್ಮ ಮೇಕೆಗಳನ್ನು ಇಳಿಸಿಕೊಳ್ಳಿ."

ಕೂಗು ನಿಂತಿತು. ಸಿರಿಯಣ್ಣನಿಗೆ ಪ್ರಾಣ ಉಳಿಯಿತೆಂಬ ಸಮಾಧಾನ ಬಂದಷ್ಟೇ ಬೇಗ ಹೋಯಿತು. ಕೆಳಗಿನ ಇಳಿಜಾರಿನಲ್ಲಿ ಮೇಯುತ್ತಿದ್ದ ಅವನ ಹಿಂಡಿನಲ್ಲಿ ಮರಿಯೊಂದು ತಾಯಿಯನ್ನು ಕರೆಯಿತು. ಅವನು ಬೀಗನನ್ನು ನೋಡಿದ, ಬೀಗ ಅವನನ್ನು ನೋಡಿದ. ಸಿರಿಯಣ್ಣ ಮೆಲ್ಲಗೆ ಎದ್ದು, ಹೊಸದೊಂದು ಹಣ್ಣು ಕಿತ್ತು, ಕಲ್ಲಿನ ಮೇಲೆ ಒಡೆದು, ಹೊಸ ಎಲೆಯಲ್ಲಿಟ್ಟು, ಎರಡೂ ಕೈಯಲ್ಲಿ ಪಾರುಪತ್ತೆಗಾರನ ಮುಂದೆ ಹಿಡಿದ. "ಬುದ್ಧೀ, ಗುಡ್ಡ ತನ್ನ ಒಡೆಯನ್ನ ಕೊಲ್ಲಾಕಿಲ್ಲ ಅಂತ ತಾವೇ ಅಪ್ಪಣೆ ಕೊಡಿಸಿದಿರಿ. ನಮ್ಮದು ಅಂದೋರು ತಿನ್ನಬೇಕು. ಅರಮನೆಯವರು ಇಲ್ಲಿ ತಾವೊಬ್ಬರೇ."

"ಬೀಜ ಸಮೇತ," ಎಂದು ಕಾಟಪ್ಪ ಹಿಂದಿನಿಂದ ನೆನಪಿಸಿದ.

ಪಾರುಪತ್ತೆಗಾರ ಹಣ್ಣು ನೋಡಿದ. ಜನರನ್ನು ನೋಡಿದ. ಇಡೀ ಎರಡು ಊರು ಕೇಳುವಂತೆ ತಾನೇ ಆಡಿದ ಮಾತು. ನುಂಗುವುದೂ ಕಷ್ಟ, ಉಗುಳುವುದೂ ಕಷ್ಟ. ಹಣೆಯ ಬೆವರು ಒರೆಸಿಕೊಂಡು ಕುದುರೆಯ ಕಡೆ ಎರಡು ಹೆಜ್ಜೆ ಹಿಂದೆ ಸರಿದ. "ನಿಮ್ಮದೇ," ಎಂದ, ಮೊದಲು ಸಣ್ಣಗೆ. ಸಿರಿಯಣ್ಣ ಎಲೆಯನ್ನು ಇನ್ನಷ್ಟು ಮುಂದೆ ಚಾಚಿದ. "ನಿಮ್ಮದೇ, ನಿಮ್ಮದೇ ಕಣ್ರಯ್ಯಾ!" ಎಂದು ಅರಚಿಕೊಂಡು ಕುದುರೆ ಏರಿದವನು ಗುಡ್ಡ ಇಳಿಯುವವರೆಗೂ ಹಿಂದೆ ನೋಡಲಿಲ್ಲ. ಅವನ ದನಿ ಬಂಡೆಗಳಿಗೆ ಬಡಿದು ಮರುದನಿಸಿ, ಗುಡ್ಡಕ್ಕೆ ಅದೇ ಹೆಸರು ಅಂಟಿಕೊಂಡಿತು ಎನ್ನುತ್ತಾರೆ.

ಅಂದಿನಿಂದ ನಮ್ಮ ಗುಡ್ಡ ಎಂಬ ಮಾತನ್ನು ಎರಡು ಊರಿನ ಯಾರೂ ಆಡಿಲ್ಲ. ಈಗಲೂ ಹೋದವರಿಗೆ ಎರಡು ಹಟ್ಟಿಯ ಮೇಕೆಗಳೂ ಬೆರೆತು ಮೇಯುವುದು ಕಾಣುತ್ತದೆ. ಕಾಲುದಾರಿಯ ಬಂಡೆಯ ಮೇಲೆ ಯಾರೋ ಸುಣ್ಣದಲ್ಲಿ 'ನಿಮ್ಮದೇ ಗುಡ್ಡ' ಎಂದು ಬರೆದಿದ್ದಾರೆ. ಪೇಟೆಯಿಂದ ಬಂದವರು ಅದನ್ನೋದಿ, ಎಂಥ ಧಾರಾಳ ಜನ ಎಂದು ಹಿಗ್ಗಿ, ಹೊಳೆಯುವ ಹಣ್ಣಿಗೆ ಕೈ ಹಾಕುತ್ತಾರೆ. ಆಗ ಮೇಲಿನ ಇಳಿಜಾರಿನಿಂದ ಮೇಕೆ ಕಾಯುವ ಹೆಂಗಸರು ಸೆರಗು ಬೀಸಿ ಕೂಗುತ್ತಾರೆ: "ಏ ಅಣ್ಣಾ, ಬಿಡು! ಅದನ್ನ ತಿಂದ್ರೆ ಗುಡ್ಡ ದಿಟವಾಗ್ಲೂ ನಿಂದೇ ಆಗ್ತೈತೆ, ಎಂದೆಂದಿಗೂ ಇಲ್ಲೇ ಮಲಗಿರಬೌದು!"