ಸೋತವನ ಕೈಯ ಕೊಂಬು

"ಗುರುಗಳೇ, ಪ್ರಜಾಪ್ರಭುತ್ವದಲ್ಲಿ ಗೆದ್ದ ಪಕ್ಷ ಆಳುತ್ತದೆ. ಸೋತ ಪಕ್ಷಕ್ಕೆ ಐದು ವರ್ಷ ಏನು ಕೆಲಸ?" ಎಂದು ಮಲ್ಲಿನಾಥ ಕೇಳಿದ. ಆ ಸಲದ ಚುನಾವಣೆಯಲ್ಲಿ ಅವನ ಪಕ್ಷ ಮಣ್ಣುಮುಕ್ಕಿತ್ತು. ಅವನು ಮುಖ ಊದಿಸಿಕೊಂಡೇ ಮಠಕ್ಕೆ ಬಂದಿದ್ದ.

ಗುರುಗಳು ಹೇಳತೊಡಗಿದರು.

ಒಂದು ಊರಿಗೆ ಒಂದೇ ಕೆರೆ, ಕೇರಿ ಮಾತ್ರ ಎರಡು. ವರ್ಷಕ್ಕೊಮ್ಮೆ ಊರವರು ಸೇರಿ ಒಬ್ಬನನ್ನು ಆರಿಸಿ, ತೂಬು ಎತ್ತಿ ನೀರು ಬಿಡುವ ಕೆಲಸ ಕೊಡುತ್ತಿದ್ದರು. ಸೋತವನನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಅವನ ಕೈಗೆ ಒಂದು ಕೊಂಬು ಕೊಟ್ಟು ಏರಿಯ ಮೇಲೆ ನಿಲ್ಲಿಸುತ್ತಿದ್ದರು. ನೀರು ಒಂದೇ ಕೇರಿಯ ಗದ್ದೆಗೆ ಹರಿದರೆ, ಏರಿ ಸೋರಿದರೆ, ಅವನು ಊದಬೇಕು. ಊರು ಓಡಿಬರಬೇಕು.

ಒಂದು ವರ್ಷ ಒಬ್ಬ ರೈತ ಸೋತ. ಕೊಂಬು ಹಿಡಿಯುವುದು ಅವನಿಗೆ ಅವಮಾನವೆನಿಸಿತು. ಮೊದಮೊದಲು ಗೆದ್ದವನು ಕೆಮ್ಮಿದರೂ ಊದಿದ. ಜನ ಬಂದು ನೋಡಿ ಬೈದು ಹೋದರು.

ಒಂದು ಬೆಳಗ್ಗೆ ಏರಿಯ ಬುಡದಲ್ಲಿ ಬೆರಳುಗಾತ್ರ ನೀರು ಜಿನುಗುವುದು ಕಂಡಿತು. ಕೊಂಬನ್ನು ಬಾಯಿಗಿಟ್ಟವನು ಮತ್ತೆ ಇಳಿಸಿದ. 'ಒಡೆದರೆ ಹೆಸರು ಕೆಡುವುದು ತೂಬಿನವನದು. ಮುಂದಿನ ವರ್ಷ ಊರೇ ನನ್ನ ಬಾಗಿಲಿಗೆ ಬರುತ್ತದೆ' ಎಂದುಕೊಂಡು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

ಮಧ್ಯಾಹ್ನ ಏರಿ ಒಡೆಯಿತು. ನೀರು ಎರಡೂ ಕೇರಿಗೆ ನುಗ್ಗಿತು.

ಸಂಜೆ ಜನ ಅವನನ್ನು ಸುತ್ತುವರಿದರು. "ಕೊಂಬು ಹಿಡಿದು ಎಲ್ಲಿ ಸತ್ತಿದ್ದೆಯೋ?" ಎಂದು ಮೈಮೇಲೆ ಬಿದ್ದರು. ಅವನ ಕೇರಿಯ ಒಬ್ಬ ಮುದುಕಿ ಕೆಸರಿನಲ್ಲಿ ಮೊಮ್ಮಗಳನ್ನು ಹುಡುಕುತ್ತಿದ್ದಳು. ಅವಳೇ ಎದ್ದು ಅಡ್ಡ ಬಂದಳು.

"ಅವನನ್ನ ಯಾಕ್ರಪ್ಪಾ ಬೈತೀರಿ? ಕಂಡಿದ್ರೆ ಊದದೆ ಇರ್ತಿದ್ನಾ? ನಾವು ನಂಬಿ ನಿಲ್ಲಿಸಿದೋನು ಅವನು."

ರೈತನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಬೈಗುಳವನ್ನು ಹೇಗೋ ತಡೆದುಕೊಂಡಿದ್ದ, ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯಿತು. 'ಕಂಡಿತ್ತು ಕಣವ್ವ' ಎನ್ನಲು ಬಾಯಿ ಬರಲಿಲ್ಲ. ಮುದುಕಿಯ ಮುಖ ನೋಡಲಾರದೆ ಬಗ್ಗಿ ಅವಳ ಪಕ್ಕದಲ್ಲೇ ಕೆಸರು ಕೆದಕತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

ಮಲ್ಲಿನಾಥ ಮುಂದೆ ಬಾಗಿ ಕೇಳಿದ: "ಮುಂದಿನ ವರ್ಷ ಅವನು ಗೆದ್ದನೇ, ಗುರುಗಳೇ?"

"ಮಗು ಸಿಕ್ಕಿತೇ ಎಂದು ಕೇಳುತ್ತೀಯೆಂದುಕೊಂಡಿದ್ದೆ," ಎಂದರು ಗುರುಗಳು.