ಷಡಕ್ಷರಿ ಬರೆಯದ ಸಾಲು

ಹೊಳೆದಂಡೆಯ ಮಠದಲ್ಲಿ ಮುನ್ನೂರು ವರ್ಷಗಳ ಓಲೆಗರಿಗಳಿದ್ದವು. ಅವುಗಳಲ್ಲಿದ್ದುದನ್ನೆಲ್ಲ ಹಿರಿಯ ಶಿಷ್ಯ ಷಡಕ್ಷರಿ ಕಂಪ್ಯೂಟರಿಗೆ ತುಂಬಿಸಿದ್ದ. ಅದಕ್ಕೆ ಹನ್ನೊಂದು ವರ್ಷ ಹಿಡಿದಿತ್ತು.

ಒಂದೊಂದು ಸಂಗತಿಯೂ ಒಂದೊಂದು ಪುಟ್ಟ ಸಾಲು: ಇಂಥವರು, ಇಂಥದ್ದನ್ನು, ಹೀಗೆ ಮಾಡಿದರು. ಕೊನೆಗೆ ಬರೆದವನ ಹೆಸರು. ಹೆಸರಿಲ್ಲದ ಸಾಲನ್ನು ಒಳಗೆ ಬಿಡಕೂಡದು ಎಂಬ ಕಟ್ಟಳೆ ಮಾಡಿದವನೂ ಅವನೇ.

ಭಕ್ತರು ಏನು ಕೇಳಿದರೂ ಷಡಕ್ಷರಿ ಅದನ್ನು ಕಂಪ್ಯೂಟರಿನ ಪ್ರಶ್ನೆಭಾಷೆಗೆ ತಿರುಗಿಸಿ ಕೊಡುತ್ತಿದ್ದ. ಬರೆದದ್ದಿದ್ದರೆ ತಕ್ಷಣ ಉತ್ತರ. ಇಲ್ಲದಿದ್ದರೆ ‘ಇಲ್ಲ’. ಆ ‘ಇಲ್ಲ’ವನ್ನೂ ಅವನು ಗಾಂಭೀರ್ಯದಿಂದಲೇ ಹೇಳುತ್ತಿದ್ದ.

ಆಮೇಲೆ ಮಾದೇವನೆಂಬ ಹೊಸ ಶಿಷ್ಯ ಬಂದ. ಅವನು ಪ್ರಶ್ನೆ ಬರೆಯಲಿಲ್ಲ, ಇದ್ದ ಸಾಲುಗಳಿಂದ ಇಲ್ಲದ ಸಾಲನ್ನು ಕಂಪ್ಯೂಟರೇ ತರ್ಕಿಸುವಂಥ ನಿಯಮ ಬರೆದ.

ಆ ಮಠದಲ್ಲಿ ಗುರುವಿನ ನಡೆನುಡಿಯನ್ನು ದಿನವೂ ಬರೆದಿಡುವುದು ಶಿಷ್ಯನ ಕೆಲಸ. ಬೇರೆ ಯಾರೂ ಬರೆಯುವಂತಿಲ್ಲ. ಹಾಗಾದರೆ ಒಬ್ಬನ ನಡೆನುಡಿಯನ್ನು ನೂರು ದಿನ ಬರೆದವನು ಅವನ ಶಿಷ್ಯನೇ ಸರಿ. ಮಾದೇವ ಇಷ್ಟು ಹೇಳಿಕೊಟ್ಟದ್ದೇ ತಡ, ಹುಳು ತಿಂದ ಗರಿಗಳಲ್ಲಿ ಕಳೆದುಹೋಗಿದ್ದ ನಾಲ್ಕು ತಲೆಮಾರಿನ ಶಿಷ್ಯರನ್ನು ಕಂಪ್ಯೂಟರ್ ಹುಡುಕಿಕೊಟ್ಟಿತು.

ಭಕ್ತರು ಎದ್ದು ಹೋಗಿ ಮಾದೇವನ ಸುತ್ತ ಕೂತರು. ಅಡುಗೆಯ ಶಿವಮ್ಮ ಅವನು ಕೇಳದೆಯೇ ಎರಡನೇ ಸಲ ಮಜ್ಜಿಗೆ ಹಾಕಿದಳು. ಆ ಮಜ್ಜಿಗೆ ಎರಡು ದಿನ ಷಡಕ್ಷರಿಯ ಗಂಟಲಲ್ಲೇ ಇತ್ತು.

ಓಲೆಗರಿಗಳ ಕೋಣೆಯ ಬೀಗದಕೈ ಗುರುಗಳ ಸೊಂಟದಲ್ಲಿತ್ತು. ಯಾರು ಯಾರ ಶಿಷ್ಯರೆಂಬ ಗುರುಪರಂಪರೆಯ ಪಟ್ಟಿ ಮುಗಿದ ದಿನ ಅದನ್ನು ಇಬ್ಬರಲ್ಲೊಬ್ಬನಿಗೆ ಕೊಡುವುದಾಗಿ ಅವರು ಹೇಳಿದ್ದರು.

ಷಡಕ್ಷರಿ ಅವರ ಮುಂದೆ ಹೋಗಿ ಕೈಕಟ್ಟಿ ನಿಂತ.

“ಬುದ್ಧಿ, ಪ್ರಶ್ನೆ ದೊಡ್ಡದೋ, ನಿಯಮ ದೊಡ್ಡದೋ?”

“ಯಾಕಪ್ಪ?”

“ಬರೆಯದೇ ಇದ್ದದ್ದನ್ನು ಹೇಳುವುದು ವಿದ್ಯೆಯಲ್ಲ, ಕಣಿ. ಅದೂ ಹೊತ್ತು ಮೂಡಿದ ಮೇಲೆ ಏಳುವವನ ಬಾಯಲ್ಲಿ.”

“ಮಾದೇವ ಇವತ್ತು ಎಷ್ಟು ಹೊತ್ತಿಗೆ ಎದ್ದ?”

ಷಡಕ್ಷರಿ ಹೇಳಿದ. ಎದ್ದದ್ದು, ಹೊಳೆಗೆ ಹೋದದ್ದು, ಪೂಜೆಯಲ್ಲಿ ಆಕಳಿಸಿದ್ದು, ಯಾರ ಜೊತೆ ನಕ್ಕದ್ದು, ಎಲ್ಲವನ್ನೂ ಒಂದು ಕಡೆಯೂ ತಡವರಿಸದೆ ಹೇಳಿದ.

“ನನ್ನ ದಿನಚರಿಯನ್ನೂ ನೀನು ಇಷ್ಟು ನಿಗಾ ಇಟ್ಟು ಬರೆದದ್ದಿಲ್ಲ,” ಎಂದರು ಗುರುಗಳು.

ಷಡಕ್ಷರಿ ಅದನ್ನು ಶಹಭಾಸ್‌ಗಿರಿ ಎಂದುಕೊಂಡ. ಅಂದಿನಿಂದ ಕಂಡದ್ದನ್ನೆಲ್ಲ ಕಂಪ್ಯೂಟರಿಗೇ ಸೇರಿಸತೊಡಗಿದ. ಬೀಗದಕೈಯ ಮಾತು ಬಂದಾಗ ಒಂದೇ ಪ್ರಶ್ನೆಗೆ ಮಾದೇವನ ತಪ್ಪುಗಳೆಲ್ಲ ತಾರೀಖಿನ ಸಮೇತ ಉದುರಬೇಕು ಎಂಬುದು ಅವನ ಆಸೆ. ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಕಿಟಕಿಯಿಂದ ನೋಡಿ ಬರೆದ. ಕಟ್ಟಳೆಯಂತೆ ಪ್ರತಿ ಸಾಲಿಗೂ ತನ್ನ ಹೆಸರು ಹಾಕಿದ. ಲಕ್ಷ ಸಾಲುಗಳ ನಡುವೆ ಅವು ಯಾರ ಕಣ್ಣಿಗೂ ಬೀಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಮಠದವರೆಲ್ಲ ಸೇರಿದರು. ಮಾದೇವ ನಿಯಮಗಳನ್ನು ಓಡಿಸಿ ಪಟ್ಟಿ ತೆಗೆದ. ಅದನ್ನು ಗಟ್ಟಿಯಾಗಿ ಓದುವ ಮರ್ಯಾದೆ ಹಿರಿಯನೆಂದು ಷಡಕ್ಷರಿಗೆ ಸಿಕ್ಕಿತು.

ಅವನು ಮುನ್ನೂರು ವರ್ಷಗಳನ್ನು ಒಂದೊಂದೇ ಹೆಸರಾಗಿ ಓದುತ್ತ ಬಂದ. ಈಗಿನ ಗುರುಗಳ ಶಿಷ್ಯರಲ್ಲಿ ತನ್ನ ಹೆಸರೇ ಮೊದಲು. ಅದನ್ನು ಎರಡು ಸಲ ಓದಿದ. ಆಮೇಲೆ ಇನ್ನೂ ಒಂದು ಸಾಲಿತ್ತು. ಅಲ್ಲಿ ನಿಂತುಬಿಟ್ಟ.

“ಓದಪ್ಪ,” ಎಂದರು ಗುರುಗಳು.

ಮಾದೇವ ಬಗ್ಗಿ ನೋಡಿ ಮುಖ ತಗ್ಗಿಸಿದ. ಕೊನೆಗೆ ಶಿವಮ್ಮನೇ ಕನ್ನಡಕ ಏರಿಸಿಕೊಂಡು ಓದಿದಳು.

“ಮಾದೇವನ ಶಿಷ್ಯ ಷಡಕ್ಷರಿ.”

ಗುರುಗಳು ಸೊಂಟದಿಂದ ಬೀಗದಕೈ ಬಿಚ್ಚಿ ಮಾದೇವನ ಕೈಗಿಟ್ಟರು.

ಷಡಕ್ಷರಿ ಮುಂದೆ ಬಂದ. “ಬುದ್ಧಿ, ನಾನು ಇವನ ಶಿಷ್ಯ ಅಂತ ಎಲ್ಲೂ ಬರೆದಿಲ್ಲ.”

“ಬರೆದಿದ್ದರೆ ನಿನ್ನ ಪ್ರಶ್ನೆಗೇ ಸಿಗುತ್ತಿತ್ತಲ್ಲಪ್ಪ.”